ಕಾಶ್ಯಪ ಗೋತ್ರದ ಕಮೀಲಿಯಾ

ಮಿಸೆಸ್ ಟಾಲ್ಬಟ್ ಅವರ ಗಿಡಗಳಿಗೆ ಕ್ಯಾಲಿಫೋರ್ನಿಯಾ ಒಗ್ಗುತ್ತಿರಲಿಲ್ಲ. ನನಗೂ ಒಗ್ಗುತ್ತಿರಲಿಲ್ಲ. ವ್ಯತ್ಯಾಸವೆಂದರೆ, ಗಿಡಗಳಿಗೆ ಉಪಚಾರ ಮಾಡುವವರು ಒಬ್ಬರಿದ್ದರು.

ಸ್ಯಾನ್ ಹೊಸೆಯಲ್ಲಿ ಅವರ ಮನೆಯ ಹಿಂದಿದ್ದ ಎರಡು ಕೋಣೆಯ ಔಟ್‌ಹೌಸಿನಲ್ಲಿ ನಾವು ಬಾಡಿಗೆಗಿದ್ದೆವು. ನಾನು, ಗಂಡ ರಘೋತ್ತಮ, ಎಂಟು ವರ್ಷದ ಮಗಳು ಮೈಥಿಲಿ. ಎಂಬತ್ತಾರರ ದೀಪಾವಳಿ ಮುಗಿಸಿಕೊಂಡು ಮೈಸೂರಿನಿಂದ ಅತ್ತೆಯೂ ಬಂದು ಸೇರಿಕೊಂಡಿದ್ದರು. ನಮ್ಮ ಬಾಗಿಲಿಗೂ ದೊಡ್ಡ ಮನೆಗೂ ನಡುವೆ ಇದ್ದದ್ದೇ ಆ ತೋಟ. ಮಿಸೆಸ್ ಟಾಲ್ಬಟ್ ಅಮೆರಿಕದ ದಕ್ಷಿಣ ಸೀಮೆಯ ಜಾರ್ಜಿಯಾದವರು. ಮದುವೆಯಾಗಿ ಇತ್ತ ಬಂದು ನಲವತ್ತು ವರ್ಷವಾಗಿದ್ದರೂ ತವರುಮನೆಯ ಅಂಗಳವನ್ನು ಬಿಟ್ಟುಕೊಟ್ಟಿರಲಿಲ್ಲ. ಮೂಲೆಯಲ್ಲಿ ಮ್ಯಾಗ್ನೋಲಿಯಾ ಮರ, ಕಾಲುದಾರಿಯ ಎರಡೂ ಬದಿಗೆ ಮೊಣಕಾಲುದ್ದಕ್ಕೆ ಕತ್ತರಿಸಿದ ಬಾಕ್ಸ್‌ವುಡ್ ಪೊದೆಸಾಲು, ಗೇಟಿನ ಹತ್ತಿರ ಬೇಸಿಗೆಯಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ಕ್ರೇಪ್ ಮರ್ಟಲ್, ಕಿಟಕಿಯ ಕೆಳಗೆ ಗಾರ್ಡೀನಿಯಾ, ಬೇಲಿಯುದ್ದಕ್ಕೂ ಕಮೀಲಿಯಾ. ಅವರ ಅಜ್ಜಿಯ ಕಾಲದಿಂದಲೂ ಇದೇ ಗಿಡ, ಇದೇ ಸಾಲಂತೆ. ಇಲ್ಲಿಯ ಜೇಡಿಮಣ್ಣಿಗೆ ಕಮೀಲಿಯಾ ಎಲೆ ಹಳದಿಯಾಗಿಬಿಡುತ್ತಿತ್ತು. ಅದಕ್ಕಾಗಿ ಪೈನ್ ಮರದ ತರಗು ತಂದು ಹಾಸುತ್ತಿದ್ದರು. ನಮ್ಮ ಮನೆಯ ಡಿಕಾಕ್ಷನ್ ಇಳಿದು ಉಳಿದ ಕಾಫಿಪುಡಿಯೂ ದಿನಾ ಬುಡಕ್ಕೆ ಹೋಗುತ್ತಿತ್ತು.

ನಾನು ಮೌಂಟನ್ ವ್ಯೂನಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಏಳೂವರೆಯಿಂದ ನಾಲ್ಕರವರೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಬೆಸುಗೆ ಸರಿಯಾಗಿದೆಯೋ ಇಲ್ಲವೋ ನೋಡುವುದು. ಬಿ.ಎಸ್ಸಿ. ಮಾಡಿದ್ದು ಇದಕ್ಕೇ ಎಂದು ತಮಾಷೆ ಮಾಡಿಕೊಳ್ಳುತ್ತಿದ್ದೆ, ಮೊದಲ ವರ್ಷ. ಆಮೇಲೆ ತಮಾಷೆಗೂ ತ್ರಾಣ ಉಳಿಯಲಿಲ್ಲ. ಎರಡೂವರೆಗೆ ಮೈಥಿಲಿಯ ಸ್ಕೂಲು ಬಿಡುತ್ತಿತ್ತು. ಮೂರು ವರ್ಷದಿಂದ ಅವಳನ್ನು ಕರೆತಂದು, ತಿನ್ನಲು ಕೊಟ್ಟು, ಹೋಂವರ್ಕು ಮಾಡಿಸಿ, ನಾನು ಬರುವತನಕ ಇಟ್ಟುಕೊಳ್ಳುತ್ತಿದ್ದವರು ಮಿಸೆಸ್ ಟಾಲ್ಬಟ್. ಅತ್ತೆ ಏಪ್ರಿಲಿಗೆ ವಾಪಸು ಹೋಗುವವರು. ಅವರಿಗೆ ಇಂಗ್ಲಿಷೂ ಬಾರದು, ಟ್ರಾಫಿಕ್ಕೂ ಆಗದು. ಈ ಮುದುಕಿ ಒಂದು ದಿನ ಮುನಿಸಿಕೊಂಡರೆ ನನ್ನ ಕೆಲಸ ಹೋಗುತ್ತದೆ, ಈ ಬಾಡಿಗೆಗೆ ಇನ್ನೊಂದು ಮನೆಯೂ ಸಿಗುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ. ನನ್ನನ್ನು ಅವರು ‘ಹನಿ’, ಅಂದರೆ ಜೇನು, ಎಂದು ಕರೆಯುತ್ತಿದ್ದರು. ಅದು ಅವರ ಊರಿನವರ ಬಾಯಿಗೆ ರೂಢಿಯಾದ ಮಾತು ಎಂದುಕೊಂಡಿದ್ದೆ.

ಅವರ ಗಂಡ ಕ್ಲೈಡ್ ತೀರಿಕೊಂಡು ಎರಡು ವರ್ಷವಾಗಿತ್ತು. ಹೆಂಡತಿಯ ತವರಿನ ಕಮೀಲಿಯಾದ ಬೀಜ ತಂದು ಅವರು ಕುಂಡದಲ್ಲಿ ಊರಿ ಎಬ್ಬಿಸಿದ ಗಿಡ ಒಂದಿತ್ತು. ಬೀಜದಿಂದ ಬಂದ ಕಮೀಲಿಯಾ ತಾಯಿಗಿಡದ ಹಾಗೆಯೇ ಹೂ ಬಿಡುವುದಿಲ್ಲ, ಯಾವ ಬಣ್ಣ, ಯಾವ ರೂಪ ಎಂದು ಅರಳಿದಾಗಲೇ ಗೊತ್ತು. ಒಂಬತ್ತು ವರ್ಷ ಕಾದರೂ ಕ್ಲೈಡ್‌ಗೆ ಅದು ಹೂ ತೋರಿಸಲಿಲ್ಲ. ಈ ಚಳಿಗಾಲದಲ್ಲಿ ಮೊದಲ ಬಾರಿಗೆ ಮೂರು ಮೊಗ್ಗು ಬಂತು. ಮಿಸೆಸ್ ಟಾಲ್ಬಟ್ ಅದರಲ್ಲಿ ಎರಡನ್ನು ಉಗುರಿನಿಂದ ಚಿವುಟಿ ಹಾಕಿದರು, ಉಳಿದ ಒಂದು ದೊಡ್ಡದಾಗಲಿ ಎಂದು. ಅವರಲ್ಲಿ ಹಾಗೇ ಮಾಡುವುದಂತೆ.

“ಮೊಗ್ಗು ಚಿವುಟೋದೇ! ದೇವರಿಗಾದ್ರೂ ಕೊಡಬಾರದಿತ್ತೆ?” ಎಂದು ಅತ್ತೆ ಎರಡು ದಿನ ಗೊಣಗಿದರು.

ಉಳಿದ ಮೊಗ್ಗು ಫೆಬ್ರವರಿಯ ಮೊದಲ ವಾರ ಬಿರಿಯತೊಡಗಿತು. ಕಡುಕೆಂಪು, ಎಸಳಿನ ಅಂಚಿನಲ್ಲಿ ಮಾತ್ರ ತೆಳುವಾಗಿ ಬಿಳಿ. ಶನಿವಾರ ಕಮೀಲಿಯಾ ಬೆಳೆಸುವವರ ಪ್ರದರ್ಶನ. ಅಲ್ಲಿ ತೋರಿಸಿ ಒಪ್ಪಿಗೆಯಾದರೆ ಹೊಸ ತಳಿಗೆ ಹೆಸರಿಡಬಹುದು. ‘ಕ್ಲೈಡ್ ಟಾಲ್ಬಟ್’ ಎಂದು ಒಂದು ಚೀಟಿಯಲ್ಲಿ ಆಗಲೇ ಬರೆದಿಟ್ಟಿದ್ದರು. ಶುಕ್ರವಾರ ಸಂಜೆ ಒಂದು ಎಲೆ, ಒಂದಿಷ್ಟು ಕಡ್ಡಿ ಸಮೇತ ಕತ್ತರಿಸಿ, ಹತ್ತಿ ಹಾಸಿದ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿಸಿ ಫ್ರಿಜ್ಜಿನಲ್ಲಿಡುವುದು ಎಂದು ಲೆಕ್ಕ. ಅದಕ್ಕಾಗಿ ಫ್ರಿಜ್ಜಿನ ಒಂದು ಹಲಗೆ ಖಾಲಿಯಾಗಿತ್ತು. ಇಬ್ಬನಿ, ಬಸವನಹುಳು ತಾಕದಿರಲೆಂದು ದಿನಾ ಸಂಜೆ ಮೊಗ್ಗಿನ ಮೇಲೆ ಒಂದು ಬಿಳಿ ಬಟ್ಟೆ ಕಟ್ಟಬೇಕಿತ್ತು. ಗಂಟು ಹಾಕಲು ಅವರ ಬೆರಳು ಬಗ್ಗುತ್ತಿರಲಿಲ್ಲ. ಕೆಲಸದಿಂದ ಬಂದು, ಕಾಫಿಯನ್ನೂ ಕುಡಿಯದೆ ನಾನು ಹೋಗಿ ಕಟ್ಟುತ್ತಿದ್ದೆ. ಬೆಳಿಗ್ಗೆ ಅವರು ಬಿಚ್ಚಿ ತಂತಿಯ ಮೇಲೆ ಹರವುತ್ತಿದ್ದರು.

ಆ ವಾರವೇ ರಥಸಪ್ತಮಿ ಬರಬೇಕೆ! ರಘೋತ್ತಮ ಆಫೀಸಿನ ಕೆಲಸವೆಂದು ಟೆಕ್ಸಸ್ಸಿಗೆ ಹೋಗಿದ್ದ. ಹಬ್ಬಗಳ ಸಮಯಕ್ಕೆ ಸರಿಯಾಗಿ ಊರು ಬಿಡುವ ಕಲೆ ಅವನಿಗೆ ಸಿದ್ಧಿಸಿತ್ತು. ಮಂಗಳವಾರ ಸಂಜೆ ನಾನು ಬಟ್ಟೆ ಕಟ್ಟುತ್ತಿದ್ದಾಗ ಅತ್ತೆ ಹಿಂದೆಯೇ ಬಂದು ನಿಂತರು. ಮಿಸೆಸ್ ಟಾಲ್ಬಟ್ ಮೆಟ್ಟಿಲ ಮೇಲೆ ಕೂತಿದ್ದರು.

“ವಸುಧಾ, ಆಕೇನ ಒಂದು ಮಾತು ಕೇಳೇ. ನಾಡಿದ್ದು ಸಪ್ತಮಿ. ಇಲ್ಲಿ ಎಕ್ಕದ ಎಲೆ ಎಲ್ಲಿ ಬರ್ಬೇಕು? ಆ ಮೂಲೆ ಮರದ್ದು ಏಳು ಎಲೆ ಕೊಟ್ರೆ ಅದನ್ನೇ ತಲೆ ಮೇಲೆ ಇಟ್ಕೊಂಡು ಸ್ನಾನ ಮಾಡ್ತೀನಿ. ದಪ್ಪಗಿದೆ, ಹಿಂದ್ಗಡೆ ಮೆತ್ತಗೆ ನವಿರೂ ಇದೆ, ಎಕ್ಕದ ಹಾಗೇನೇ. ಹಾಗೇ ಈ ಕೆಂಪು ಹೂವು ಒಂದು. ಸೂರ್ಯನಾರಾಯಣನಿಗೆ ಕೆಂಪು ಹೂವು ಏರಿಸ್ದೆ ಒಂದು ವರ್ಷಾನೂ ಬಿಟ್ಟಿಲ್ಲ ನಾನು.”

ನನ್ನ ಕಣ್ಣು ಉರಿಯುತ್ತಿತ್ತು, ಸೊಂಟ ಬಿದ್ದುಹೋಗಿತ್ತು. ಅತ್ತೆ ‘ಈ’ ಎಂದಾಗ ಬೆರಳು ಎತ್ತ ಇತ್ತು ಎಂದು ತಿರುಗಿ ನೋಡಲಿಲ್ಲ. ಬೇಲಿಯುದ್ದಕ್ಕೂ ಕೆಂಪು ಕಮೀಲಿಯಾ ಉದುರಿ ಬಿದ್ದಿದ್ದವು, ಅದರಲ್ಲೊಂದು ಇರಬೇಕು ಎಂದುಕೊಂಡೆ. ಅದನ್ನೇನು ಕೇಳುವುದು? ಮಿಸೆಸ್ ಟಾಲ್ಬಟ್ ಅವರಿಗೆ ಇಷ್ಟೇ ಹೇಳಿದೆ, “ನಮ್ಮತ್ತೆಗೆ ಪೂಜೆಗೆ ಮ್ಯಾಗ್ನೋಲಿಯಾ ಎಲೆ ಏಳು ಬೇಕಂತೆ.”

ಅವರು ನಕ್ಕರು. “ಏಳೇ? ಎಪ್ಪತ್ತು ತಗೊಳ್ಳಿ ಅಂತ ಹೇಳು, ಹನಿ. ಎಲೆ ಗುಡಿಸಿ ಗುಡಿಸಿ ನನಗೆ ಸಾಕಾಗಿದೆ.”

“ಏನಂದ್ರೇ?” ಎಂದು ಅತ್ತೆ ಕೇಳಿದರು.

“ಹ್ಞೂಂ, ಧಾರಾಳವಾಗಿ ಕಿತ್ಕೊಳ್ಳಿ ಅಂದ್ರು,” ಎಂದು ಒಳಗೆ ಹೋದೆ. ಕುಕ್ಕರ್ ಇಡಬೇಕಿತ್ತು.

ಗುರುವಾರ ಬೆಳಿಗ್ಗೆ ನಾನು ಎದ್ದಾಗ ಅತ್ತೆಯ ಸ್ನಾನ, ಪೂಜೆ ಎಲ್ಲ ಮುಗಿಯುತ್ತಾ ಬಂದಿತ್ತು. ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಅಕ್ಕಿಹಿಟ್ಟಿನಲ್ಲಿ ಏಳು ಕುದುರೆಯ ರಥ ಬರೆದಿದ್ದರು. ಕುದುರೆಗಳು ನಾಯಿಗಳ ಹಾಗಿದ್ದವು, ಆದರೆ ಏಳಿದ್ದವು. ಸ್ಟೌ ಮೇಲೆ ಹಾಲುಕ್ಕಿಸಿದ ಗುರುತು, ಒರೆಸಲು ನನಗೆ ಬಿಟ್ಟದ್ದು. ಅಡಿಗೆಮನೆಯ ಕಪಾಟಿನ ಅಂಚಿನಲ್ಲಿ ದೇವರು. ಸೂರ್ಯನಾರಾಯಣನ ಪಟದ ನೆತ್ತಿಯ ಮೇಲೆ ಕಡುಕೆಂಪು ಹೂವು, ಅಂಚಿನಲ್ಲಿ ತೆಳುವಾಗಿ ಬಿಳಿ.

ಪೂಜೆಗೆ ಕೀಳುವ ಕ್ರಮದಲ್ಲಿ, ಕಡ್ಡಿಯಿಲ್ಲದೆ, ಎಲೆಯಿಲ್ಲದೆ ತೊಟ್ಟಿನ ಬುಡಕ್ಕೆ ಕಿತ್ತಿದ್ದರು. ಎಸಳಿನ ಮೇಲೆ ಅರಿಶಿನ ಕುಂಕುಮ ಬಿದ್ದಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಸ್ತೋತ್ರ ಹೇಳುತ್ತಿದ್ದರು. ಮೈಸೂರಿನಲ್ಲಿ ಬೆಳಗಿನ ಜಾವ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಕಂಡವರ ಕಾಂಪೌಂಡಿನಿಂದ ಹೂ ಕದಿಯುವ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು. ದೇವರಿಗೆ ಕದ್ದರೆ ಪಾಪವಿಲ್ಲವೆಂದು ಇವರಿಗೆ ಯಾರು ಹೇಳಿಕೊಟ್ಟರೋ! ಅತ್ತೆಯ ಮೇಲೆ ಎಷ್ಟು ಕೋಪ ಬಂತೆಂದರೆ, ಮಾತಾಡಿದರೆ ಕಿರುಚುತ್ತೇನೆ ಎನಿಸಿತು. ಮಾತಾಡದೆ ಕಾರಿನ ಕೀ ತೆಗೆದುಕೊಂಡು ಹೊರಬಿದ್ದೆ.

ಮಿಸೆಸ್ ಟಾಲ್ಬಟ್ ಗಿಡದ ಹತ್ತಿರ ನಿಂತಿದ್ದರು. ರಾತ್ರಿ ಅಂಗಿಯ ಮೇಲೆ ಗಂಡನ ಹಳೆಯ ಕೋಟು. ನಾಲ್ಕು ಮಡಿಕೆಯಾದ ಬಿಳಿ ಬಟ್ಟೆಯನ್ನು ಎದೆಗೆ ಒತ್ತಿಕೊಂಡಿದ್ದರು. ನನ್ನ ಕಡೆ ನೋಡಿ, “ಹೂವಿಲ್ಲ,” ಎಂದರು. ಅಷ್ಟೇ. ಯಾರು ಅಂತ ಕೇಳಲಿಲ್ಲ, ನೀನು ನೋಡಿದೆಯಾ ಅಂತಲೂ ಕೇಳಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಬಾಯಿ ತಾನಾಗಿ ತೆರೆಯಿತು. “ಅಯ್ಯೋ! ಅಳಿಲಿರಬೇಕು. ಈ ಅಳಿಲುಗಳ ಕಾಟ ಎಷ್ಟಾಗಿದೆ! ನೆನ್ನೆ ಬೇಲಿ ಮೇಲೆ ಎರಡು ಓಡ್ತಾ ಇದ್ದವು.”

“ಅಳಿಲೇ?”

“ನಾನು ನೆನ್ನೆ ಗಂಟು ಸಡಿಲವಾಗಿ ಹಾಕಿದ್ದೆನೋ ಏನೋ.”

ತಪ್ಪಿನ ಒಂದು ಚೂರನ್ನು ನನ್ನ ಮೇಲೆ ಹಾಕಿಕೊಂಡರೆ ಸುಳ್ಳಿಗೆ ತೂಕ ಬರುತ್ತದೆ. ಇಂಥ ಬುದ್ಧಿಯೆಲ್ಲ ದಣಿದಾಗಲೂ ಎಲ್ಲಿಂದ ಬರುತ್ತದೋ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಇರಬಹುದು,” ಎಂದರು. “ಹೊತ್ತಾಗುತ್ತೆ ನಿನಗೆ, ಹೋಗು.”

ಕಾರು ಹತ್ತಿ ಕೀ ತಿರುಗಿಸಿದಾಗಲೂ ಅವರು ಅಲ್ಲೇ ನಿಂತು ನನ್ನ ಕಡೆ ನೋಡುತ್ತಿದ್ದರು. ಅಳುತ್ತಿರಲಿಲ್ಲ. ಏನನ್ನೋ ಕಾಯುತ್ತಿರುವವರ ಹಾಗಿದ್ದರು. ಫ್ರೀವೇ ಸೇರುವತನಕ ಆ ಅಳಿಲಿನದೇ ಸಂಕಟ. ಆಮೇಲೆ ಟ್ರಾಫಿಕ್ಕಿನ ಸಂಕಟ ಶುರುವಾಯಿತು.

ದಿನವಿಡೀ ಬೆಸುಗೆ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಯೋಜನೆ ತಯಾರಾಯಿತು. ಸಂಜೆ ದೇವರ ಮೇಲಿನ ಹೂ ತೆಗೆದು ಪೇಪರಿನಲ್ಲಿ ಸುತ್ತಿ ಕಾರ್ಖಾನೆಯ ಕಸದ ಡಬ್ಬಿಗೆ ಹಾಕುವುದು. ಅತ್ತೆಗೆ ಈ ವಿಷಯ ಯಾರ ಹತ್ತಿರವೂ ಆಡಬೇಡಿ ಎನ್ನುವುದು. ಯಾರ ಹತ್ತಿರ ಆಡುತ್ತಾರೆ, ಭಾಷೆಯೇ ಬಾರದಿದ್ದ ಮೇಲೆ? ಸ್ವಲ್ಪ ಸಮಾಧಾನವಾಯಿತು. ಕ್ಯಾಂಟೀನಿನಲ್ಲಿ ಊಟವನ್ನೂ ಮಾಡಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ನಾಲ್ಕೂವರೆಗೆ ಮನೆಗೆ ಬಂದರೆ ಒಳಗೆ ಅತ್ತೆ ಇಲ್ಲ. ಸೂರ್ಯನಾರಾಯಣನ ನೆತ್ತಿಯ ಮೇಲೆ ಹೂವೂ ಇಲ್ಲ. ದೊಡ್ಡ ಮನೆಯ ಅಡಿಗೆಮನೆಯಿಂದ ಮೈಥಿಲಿಯ ದನಿ ಕೇಳುತ್ತಿತ್ತು. ಓಡಿದೆ.

ಮೇಜಿನ ಒಂದು ಕಡೆ ಮಿಸೆಸ್ ಟಾಲ್ಬಟ್, ಇನ್ನೊಂದು ಕಡೆ ಅತ್ತೆ. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು, ಅದರ ಮೇಲೆ ರಘೋತ್ತಮನ ಸ್ವೆಟರ್. ನಡುವೆ ನಮ್ಮ ಬೆಳ್ಳಿತಟ್ಟೆ. ತಟ್ಟೆಯಲ್ಲಿ ಒಂದು ಲೋಟ ಪಾಯಸ, ಮ್ಯಾಗ್ನೋಲಿಯಾ ಎಲೆಯ ಮೇಲೆ ಅಕ್ಷತೆ, ಅದರ ಪಕ್ಕದಲ್ಲಿ ಆ ಹೂವು. ಮಧ್ಯೆ ನಿಂತಿದ್ದ ಮೈಥಿಲಿ, ನಾನು ಮಂಗಳವಾರ ಸೋಮಾರಿತನದಿಂದ ಮಾಡಿದ ದುಭಾಷಿ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದಳು.

“ಕೇಳೇ ಪುಟ್ಟಿ,” ಅತ್ತೆ ಹೇಳುತ್ತಿದ್ದರು, “ಗಿಡ ನೆಟ್ಟೋರಿಗೆ ಮೊದಲ ಪ್ರಸಾದ. ಅದು ನಮ್ಮ ಪದ್ಧತಿ. ಕಿತ್ತು ಏರಿಸಿದ್ದಷ್ಟೇ ನಾನು, ಪುಣ್ಯ ಅವರದ್ದು. ಅದಕ್ಕೇ ಸಂಕಲ್ಪದಲ್ಲಿ ಅವರ ಯಜಮಾನರ ಹೆಸರೇ ಹೇಳ್ದೆ. ಕ್ಲೈಡ್ ಅಲ್ವೇನೇ? ಹ್ಞಾಂ. ಗೋತ್ರ ಗೊತ್ತಿಲ್ಲ. ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ. ಕಾಶ್ಯಪ ಗೋತ್ರದ ಕ್ಲೈಡ್ ಅಂತ ಹೇಳಿ ಸೂರ್ಯನಾರಾಯಣನಿಗೆ ಕೊಟ್ಟೆ. ಹೇಳು ಆಕೆಗೆ.”

ಮೈಥಿಲಿ ಹೇಳಿದಳು. ‘ಗೋತ್ರ’ ಎಂಬಲ್ಲಿ ತಡವರಿಸಿ, ಫ್ಯಾಮಿಲಿ ಎಂದಳು. ಯಾವ ಫ್ಯಾಮಿಲಿ ಎಂದು ಗೊತ್ತಿಲ್ಲದವರನ್ನೆಲ್ಲ ಸೇರಿಸಿಕೊಳ್ಳುವ ಒಂದು ದೊಡ್ಡ ಫ್ಯಾಮಿಲಿ ಇದೆ, ಅಜ್ಜಿ ಕ್ಲೈಡ್ ತಾತನನ್ನು ಅದಕ್ಕೆ ಸೇರಿಸಿದ್ದಾಳೆ ಎಂದಳು. ಮಿಸೆಸ್ ಟಾಲ್ಬಟ್ ಕೈಯಿಂದ ಬಾಯಿ ಮುಚ್ಚಿಕೊಂಡರು.

ನಾನು ಬಾಗಿಲಲ್ಲಿ ನಿಂತದ್ದನ್ನು ಆಗ ಅತ್ತೆ ನೋಡಿದರು. “ಬಂದ್ಯಾ? ಆಕೆ ಯಾಕೋ ಹೂ ನೋಡಿದ ತಕ್ಷಣ ಅತ್ತುಬಿಟ್ರಲ್ಲೇ. ನಾನೇನು ಕೇಳ್ದೇ ಕಿತ್ತಿದ್ದಲ್ವಲ್ಲ. ಮಂಗಳವಾರ ನಿನ್ನ ಎದುರಿಗೇ ಬೆರಳು ಮಾಡಿ ತೋರಿಸಿದೆ, ನೀನು ಕೇಳ್ದೆ, ಆಕೆ ಧಾರಾಳವಾಗಿ ಕಿತ್ಕೊಳ್ಳಿ ಅಂದ್ರು. ಅಲ್ವೇ?”

ಮೈಥಿಲಿಗೆ ಯಾರೂ ಹೇಳು ಎನ್ನಲಿಲ್ಲ. ಅಭ್ಯಾಸಬಲದಿಂದ ಅದನ್ನೂ ಇಂಗ್ಲಿಷಿಗೆ ತಿರುಗಿಸಿಬಿಟ್ಟಳು.

ನಾನು ಅತ್ತೆಯನ್ನು ಇಡೀ ದಿನ ಕಳ್ಳಿ ಮಾಡಿದ್ದೆ. ಅವರು ಕೇಳಿಯೇ ಕಿತ್ತಿದ್ದರು. ಕೇಳದೆ ಇದ್ದವಳು ನಾನು.

ಮಿಸೆಸ್ ಟಾಲ್ಬಟ್ ಎದ್ದು ಹೋಗಿ ಬಿಳಿ ಬಟ್ಟೆಯನ್ನು ತಂದು ಮೇಜಿನ ಮೇಲಿಟ್ಟರು. ಬೆಳಿಗ್ಗೆ ಇದ್ದ ಹಾಗೆಯೇ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ. ಅತ್ತೆ ಮಡಿಬಟ್ಟೆ ಮಡಿಸುವುದೂ ಹೀಗೆಯೇ. ಬೆಳಿಗ್ಗೆ ಇದೇ ಬಟ್ಟೆ ಮಿಸೆಸ್ ಟಾಲ್ಬಟ್ ಅವರ ಎದೆಯ ಮೇಲೆ ಇದ್ದದ್ದನ್ನು ನಾನು ನೋಡಿದ್ದೆ. ನೋಡಿಯೂ ಏನು ಪ್ರಯೋಜನ, ಬೆಸುಗೆ ನೋಡಿ ನೋಡಿ ಸವೆದ ಕಣ್ಣು.

“ಇದು ಗಿಡದ ಬುಡದಲ್ಲಿ ಕಲ್ಲಿನ ಮೇಲೆ ಇತ್ತು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಎಪ್ಪತ್ತೆರಡು ವರ್ಷದಿಂದ ಅಳಿಲುಗಳ ಜೊತೆ ಬಾಳಿದ್ದೀನಿ. ಯಾವ ಅಳಿಲೂ ಬಟ್ಟೆ ಮಡಿಸಿಡಲ್ಲ, ವಸುಧಾ.”

ಅವರ ಬಾಯಲ್ಲಿ ನನ್ನ ಹೆಸರನ್ನು ಅದೇ ಮೊದಲು ಕೇಳಿದ್ದು.

“ಬೆಳಿಗ್ಗೇನೇ ಗೊತ್ತಿತ್ತಾ ನಿಮಗೆ?”

“ನಿನ್ನತ್ತೆ ಬಾಗಿಲಿಂದ ಗಿಡದ ತನಕ ಹಿಟ್ಟಿನ ಹೆಜ್ಜೆ ಇತ್ತು. ಹೂವಿಗೆ ಹೊಟ್ಟೆ ಉರೀತು, ಇಲ್ಲ ಅನ್ನಲ್ಲ. ಕ್ಲೈಡ್‌ಗೋಸ್ಕರ ಉರೀತು. ಆದ್ರೆ ನೀನು ಕಾರಿನಿಂದ ಇಳಿದು ಬಂದು ಹೇಳ್ತೀಯ ಅಂತ ನಿಂತಿದ್ದೆ. ನೀನು ತಿರುವಿನಲ್ಲಿ ಮರೆಯಾಗೋ ತನಕ ನಿಂತಿದ್ದೆ.”

ನನಗೆ ಅಳು ಬಂತು. ಅತ್ತೆಯ ಮುಂದೆ, ಮಗಳ ಮುಂದೆ ಅತ್ತುಬಿಟ್ಟೆ. “ನಂಗೆ ಹೆದರಿಕೆ ಆಯ್ತು,” ಎಂದೆ. “ಮನೆ ಬಿಡಿ ಅಂದ್ರೆ? ಮೈಥಿಲೀನ ನೋಡ್ಕೊಳ್ಳಲ್ಲ ಅಂದ್ರೆ? ಹೆದರಿಕೆ ಆಯ್ತು.”

“ಯಾರ ಹೆದರಿಕೆ?” ಎಂದರು. ನಿಜವಾಗಿ ಅರ್ಥವಾಗದವರ ಹಾಗೆ ಮೇಜು, ತಟ್ಟೆ, ಮೈಥಿಲಿಯ ಹೋಂವರ್ಕಿನ ಪುಸ್ತಕ, ಗೋಡೆಗೆ ಅಂಟಿಸಿದ್ದ ಅವಳ ಮೂರು ವರ್ಷದ ಚಿತ್ರಗಳು ಎಲ್ಲವನ್ನೂ ಒಂದು ಸಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ನನ್ನದಾ?”

ಮೈಥಿಲಿ ಈ ಮಾತನ್ನು ಮಾತ್ರ ಅಜ್ಜಿಗೆ ಕನ್ನಡದಲ್ಲಿ ಹೇಳಲಿಲ್ಲ.

ಮಿಸೆಸ್ ಟಾಲ್ಬಟ್ ಪಾಯಸ ಕುಡಿದರು. ಲೋಟ ಖಾಲಿಯಾಗುವತನಕ ಕುಡಿದು, ತೊಳೆದು ತಟ್ಟೆಯಲ್ಲಿಟ್ಟರು. ಹೂವನ್ನು ಅರಿಶಿನ ಕುಂಕುಮದ ಸಮೇತ ಬಿಸ್ಕತ್ತಿನ ಡಬ್ಬಿಯ ಹತ್ತಿಯ ಮೇಲೆ ಇಟ್ಟು, ಹೆಸರು ಬರೆದಿದ್ದ ಚೀಟಿಯನ್ನೂ ಪಕ್ಕದಲ್ಲಿಟ್ಟು ಫ್ರಿಜ್ಜಿನ ಖಾಲಿ ಹಲಗೆಯ ಮೇಲೆ ಸೇರಿಸಿದರು. ಪ್ರದರ್ಶನಕ್ಕೆ ಹೋಗಲಿಲ್ಲ. ಕಡ್ಡಿಯಿಲ್ಲದ ಹೂವನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲವಂತೆ.

ಮನೆ ಬಿಡಿ ಎನ್ನಲಿಲ್ಲ. ಶುಕ್ರವಾರ ಎರಡೂವರೆಗೆ ಎಂದಿನಂತೆ ಸ್ಕೂಲಿನ ಗೇಟಿನ ಮುಂದೆ ನಿಂತಿದ್ದರು. ಅತ್ತೆ ಹೊರಡುವ ದಿನ ಒಂದು ಚೀಲದ ತುಂಬ ಒರೆಸಿ ಜೋಡಿಸಿದ ಮ್ಯಾಗ್ನೋಲಿಯಾ ಎಲೆ ಕೊಟ್ಟರು. ಇಬ್ಬರು ಮುದುಕಿಯರೂ ಮಾತಿಲ್ಲದೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಾರಿನ ತನಕ ನಡೆದರು. ನಾನು ಏನೇನು ಹೋಗುತ್ತದೆ ಎಂದು ಹೆದರಿದ್ದೆನೋ ಅದರಲ್ಲಿ ಒಂದೂ ಹೋಗಲಿಲ್ಲ. ಬೆಳಿಗ್ಗೆ ಕಂಡರೆ ‘ಗುಡ್ ಮಾರ್ನಿಂಗ್, ವಸುಧಾ’ ಎನ್ನುತ್ತಿದ್ದರು. ಹೆಸರನ್ನು ತಪ್ಪಿಲ್ಲದೆ ಹೇಳುತ್ತಿದ್ದರು.

ಮುಂದಿನ ಚಳಿಗಾಲ ಕ್ಲೈಡನ ಗಿಡದಲ್ಲಿ ಏಳು ಮೊಗ್ಗು ಬಂತು. ಈ ಸಲ ಅವರು ಒಂದನ್ನೂ ಚಿವುಟಲಿಲ್ಲ. ಜನವರಿಯ ಒಂದು ಸಂಜೆ ನಾನು ಕೆಲಸದಿಂದ ಬಂದು, ಬ್ಯಾಗು ಕೆಳಗಿಟ್ಟು, ರೂಢಿಯಂತೆ ಬಟ್ಟೆ ಕಟ್ಟಲು ತೋಟಕ್ಕೆ ಇಳಿದೆ. ಗಿಡದ ಹತ್ತಿರ ಮೈಥಿಲಿ ಒಂದು ಸ್ಟೂಲಿನ ಮೇಲೆ ನಿಂತಿದ್ದಳು. ಮಿಸೆಸ್ ಟಾಲ್ಬಟ್ ಸ್ಟೂಲನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡು, ಗಂಟು ಹೇಗೆ ಹಾಕಬೇಕೆಂದು ಅವಳಿಗೆ ಹೇಳಿಕೊಡುತ್ತಿದ್ದರು.

“ಹಾಗಲ್ಲ, ಹನಿ,” ಎನ್ನುತ್ತಿದ್ದರು. “ಇನ್ನೊಂದು ಸುತ್ತು.”

ನಾನು ಬಾಕ್ಸ್‌ವುಡ್ಡಿನ ಈಚೆಯೇ ನಿಂತು ನೋಡಿ, ಒಳಗೆ ಬಂದು ಕುಕ್ಕರ್ ಇಟ್ಟೆ.